ಲೇಪನದ ಪ್ರಶ್ನೆ

ಕಾರಿನ ಎಂಜಿನ್ನಿನಿಂದ ಬಿಸಿ ಹೊಗೆಯನ್ನು ಹೊರಗೊಯ್ಯುವ ಕೊಳವೆಗೆ ಲೇಪನವಿರಬೇಕೇ, ಬರಿಯ ಉಕ್ಕೇ ಸಾಕೇ? ಈ ಪತ್ರಿಕೆಯ ಓದುಗರಿಗೆ ಪ್ರಶ್ನೆ ವಿಚಿತ್ರವೆನಿಸಬಹುದು. ಮಕ್ಕಳ ಕನ್ನಡ ಮಾಧ್ಯಮ, ಕನ್ನಡ ಬಲ್ಲ ಅಧ್ಯಾಪಕರ ನೇಮಕ, ಸಕಾಲಕ್ಕೆ ಬಾರದ ಪಠ್ಯಪುಸ್ತಕ ಇವುಗಳ ನಡುವೆ ಹೊಗೆಕೊಳವೆಯ ವಿಚಾರಕ್ಕೆ ಎಡೆಯಾದರೂ ಎಲ್ಲಿ? ಆದರೆ ನಮ್ಮ ಮನೆಗಳ ಹುಡುಗರು ಈಗ ಕೇಳುತ್ತಿರುವ ಪ್ರಶ್ನೆಗಳು ಇಂಥವೇ. ಹಿರಿಯರಾದ ನಾವು ಇವನ್ನು ಕಿವಿಗೆ ಹಾಕಿಕೊಳ್ಳದೆ ಹೋದರೆ, ಉತ್ತರ ಹೇಳಲು ಬೇರೆಯವರು ಸಿದ್ಧರಿದ್ದಾರೆ.

ನನ್ನಲ್ಲಿ ಈ ಪ್ರಶ್ನೆಯನ್ನು ಕೇಳಿದವನು ನನ್ನ ಅಕ್ಕನ ಮಗ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಳಿಕ ಡಿಪ್ಲೊಮಾ ಮುಗಿಸಿ ಮಂಗಳೂರಿನಲ್ಲಿ ದುಡಿಯುತ್ತಿದ್ದಾನೆ. 2004ರ ಒಂದು ಮಾರುತಿ ಎಸ್ಟೀಮ್ ಕಾರನ್ನು ತನ್ನ ಉಳಿತಾಯದಿಂದ ಕೊಂಡಿದ್ದಾನೆ. ಅದನ್ನು ಸಜ್ಜುಗೊಳಿಸಿ ಮೊದಲು ಆಟೋಕ್ರಾಸ್, ಅನಂತರ ರ್‍ಯಾಲಿ ಎಂಬುದು ಅವನ ಕನಸು. ಕನಸಿಗೆ ಆಧಾರವೂ ಇಲ್ಲದಿಲ್ಲ. ನಮ್ಮ ಕಾಸರಗೋಡಿನವರೇ ಆದ ಮೂಸಾ ಶರೀಫ್ ಅವರು ಗೌರವ್ ಗಿಲ್ ಅವರಂಥ ಚಾಲಕರ ಪಕ್ಕದ ಆಸನದಲ್ಲಿ ಕುಳಿತು, ದಾರಿ ಹೇಳುವ ಸಹಚಾಲಕರಾಗಿ ರಾಷ್ಟ್ರೀಯ ರ್‍ಯಾಲಿಯ ಪ್ರಶಸ್ತಿಗಳನ್ನು ಗೆದ್ದವರು. ಅಂಥವರ ಊರಿನಲ್ಲಿ ಹುಟ್ಟಿದ ಹುಡುಗನಿಗೆ ಎಂಜಿನ್ನಿನ ಹುಚ್ಚು ಹಿಡಿದರೆ ಆಶ್ಚರ್ಯವೇನು?

ಅವನ ಮುಂದೆ ಎರಡು ಹೆಡರುಗಳಿದ್ದವು. ಒಂದು ಬರಿಯ ಎಂ.ಎಸ್. ಉಕ್ಕಿನದು, ಇನ್ನೊಂದು ಸೆರಾಮಿಕ್ ಲೇಪನವಿರುವುದು. ಇವೆರಡರ ಬೆಲೆಯ ಅಂತರ ಅವನ ಒಂದು ತಿಂಗಳ ಸಂಬಳದ ಹತ್ತಿರಕ್ಕೆ ಬರುತ್ತಿತ್ತು. "ಮಾವನಲ್ಲಿ ಕೇಳದೆ ಹಣ ಹಾಕಬೇಡ" ಎಂದು ಅಕ್ಕ ಹೇಳಿದ್ದಳು. ಅಳಿಯಕಟ್ಟು ಕಾನೂನಿನಿಂದ ಅಳಿದುಹೋದರೂ ನಮ್ಮ ಕಡೆ ಸೋದರಮಾವನ ಮಾತಿಗೆ ಇನ್ನೂ ಸ್ವಲ್ಪ ತೂಕ ಉಳಿದಿದೆ. ಅಕ್ಕ ಬಯಸಿದ್ದು "ಬೇಡ" ಎಂಬ ಒಂದೇ ಪದವನ್ನು, ಅವನು ಕೇಳಿದ್ದು "ಮಾವ, ಎರಡರಲ್ಲಿ ಯಾವುದು?" ಎಂಬ ಪ್ರಶ್ನೆಯನ್ನು. ವಾದವನ್ನು ಕೇಳದೆ ಅರ್ಜಿ ವಜಾ ಮಾಡುವುದು ನ್ಯಾಯಾಲಯಕ್ಕೆ ಭೂಷಣವಲ್ಲ, ಮನೆಗೂ ಅಲ್ಲ. ಆದ್ದರಿಂದ ಮೊದಲು ಅವನ ಪ್ರಶ್ನೆಯನ್ನೇ ಅರಿಯಲು ಕುಳಿತೆ.

ಎಸ್ಟೀಮಿನ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಪ್ರತಿಯೊಂದೂ ಸರದಿಯಂತೆ ಉರಿದು, ಬಿಸಿ ಅನಿಲವನ್ನು ಒಂದೊಂದು ಉಸಿರಿನಂತೆ ಹೊರದಬ್ಬುತ್ತದೆ. ಸಾಮಾನ್ಯ ಕಾರುಗಳಲ್ಲಿ ಈ ನಾಲ್ಕು ಬಾಯಿಗಳನ್ನು ಎರಕದ ಕಬ್ಬಿಣದ ಒಂದು ಗಿಡ್ಡ, ದಪ್ಪ ಭಾಗ ಒಟ್ಟುಗೂಡಿಸುತ್ತದೆ. ಅದನ್ನು ಮ್ಯಾನಿಫೋಲ್ಡ್ ಎನ್ನುತ್ತಾರೆ. ಬಾಳಿಕೆಗೆ ಅದು ಉತ್ತಮ, ಅಗ್ಗವೂ ಹೌದು. ಆದರೆ ಒಂದು ಸಿಲಿಂಡರಿನ ಹೊಗೆ ಇನ್ನೊಂದರ ಹೊಗೆಗೆ ಅಡ್ಡಬರುವ ಸಂಭವ ಅದರಲ್ಲಿ ಹೆಚ್ಚು. ಹೆಡರಿನಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾದ ಉದ್ದನೆಯ ಕೊಳವೆ. ಅವು ಮುಂದೆ ಸಾಗಿ ಒಂದಾಗುತ್ತವೆ. ರಭಸದಿಂದ ಸಾಗಿದ ಒಂದು ಅಲೆ ತನ್ನ ಬೆನ್ನ ಹಿಂದೆ ಕಡಿಮೆ ಒತ್ತಡವನ್ನು ಬಿಟ್ಟುಹೋಗುತ್ತದೆ, ಆ ಒತ್ತಡ ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಎಂಜಿನ್ ವೇಗವಾಗಿ ತಿರುಗುವಾಗ ಈ ಎಳೆತದಿಂದ ಕೊಂಚ ಹೆಚ್ಚಿನ ಶಕ್ತಿ ದೊರೆಯುತ್ತದೆ. ಪೇಟೆಯ ನಿಧಾನಗತಿಯಲ್ಲಿ ಅದರ ಪ್ರಯೋಜನ ಕಾಣುವುದು ಅಪರೂಪ.

ಲೇಪನದ ಮಾತು ಬರುವುದು ಇಲ್ಲಿ. ಪೆಟ್ರೋಲ್ ಎಂಜಿನ್ ಪೂರ್ಣಶಕ್ತಿಯಲ್ಲಿ ದುಡಿಯುವಾಗ ಹೊರಬರುವ ಅನಿಲದ ಉಷ್ಣತೆ 800 ಡಿಗ್ರಿ ಸೆಲ್ಸಿಯಸ್ಸನ್ನು ಮೀರಬಲ್ಲುದು. ತೆಳ್ಳನೆಯ ಬರಿಯ ಕೊಳವೆ ಆ ಶಾಖವನ್ನು ಸುತ್ತಲೂ ಚೆಲ್ಲುತ್ತದೆ. ಬೋನೆಟ್ಟಿನ ಒಳಗೆ ಬಿಸಿಯಾದ ಗಾಳಿಯನ್ನೇ ಎಂಜಿನ್ ಮತ್ತೆ ಒಳಗೆಳೆದುಕೊಂಡರೆ, ಬಿಸಿ ಗಾಳಿ ವಿರಳವಾದ್ದರಿಂದ ಅದರಲ್ಲಿ ಆಮ್ಲಜನಕ ಕಡಿಮೆ. ಹೀಗೆ ಒಂದು ಕೈಯಲ್ಲಿ ಗಳಿಸಿದ ಶಕ್ತಿ ಇನ್ನೊಂದು ಕೈಯಲ್ಲಿ ಸೋರಿಹೋಗುತ್ತದೆ. ಹತ್ತಿರದ ರಬ್ಬರ್ ಕೊಳವೆಗಳೂ ವಯರುಗಳ ಹೊದಿಕೆಗಳೂ ಬೇಗ ಮುಪ್ಪಾಗುತ್ತವೆ. ಇದನ್ನೆಲ್ಲ ವಿವರಿಸುವಾಗ ಅಳಿಯನ ಬಾಯಲ್ಲಿ ಬಂದ ಪದಗಳು ವಹನ, ಸಂವಹನ, ವಿಕಿರಣ. ಅವು ಶಾಲೆಯ ವಿಜ್ಞಾನ ಪಾಠದಲ್ಲಿ ಕನ್ನಡದಲ್ಲಿಯೇ ಕಲಿತ ಪದಗಳು. ಕೊಳವೆಯ ಗೋಡೆಯನ್ನು ದಾಟುವುದು ವಹನ. ಅಲ್ಲಿಂದ ಗಾಳಿಯೊಡನೆ ಹರಡುವುದು ಸಂವಹನ. ದೂರದಿಂದಲೇ ಮುಖಕ್ಕೆ ಬಡಿಯುವ ಝಳ ವಿಕಿರಣ. ಕನ್ನಡದಲ್ಲಿ ಕಲಿತವನಿಗೆ ಯಂತ್ರ ಅರ್ಥವಾಗುವುದು ಹೇಗೆ ಎಂದು ಕೇಳುವವರ ಎದುರು ಅವನನ್ನು ಕೂರಿಸಬೇಕೆನಿಸಿತು.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದರು. ಪಾತ್ರೆಯನ್ನು ಉಜ್ಜಿ ಶುಚಿಗೊಳಿಸಿ, ಕಾಯಿಸಿ, ನವಸಾಗರ ಎರಚಿ ತವರವನ್ನು ಸವರುತ್ತಿದ್ದರು. ಉಜ್ಜುವ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಕಲಾಯಿ ನಿಲ್ಲುತ್ತಿರಲಿಲ್ಲ. ಹೆಡರಿನ ಲೇಪನಕ್ಕೂ ಅದೇ ನಿಯಮ. ಉಕ್ಕಿನ ಮೇಲೆ ರಭಸದಿಂದ ಮರಳಿನಂಥ ಹರಳುಗಳನ್ನು ಸಿಡಿಸಿ ಜಿಡ್ಡು, ತುಕ್ಕು ತೆಗೆದು, ಸೆರಾಮಿಕ್ ಮಿಶ್ರಣವನ್ನು ಸಿಂಪಡಿಸಿ, ಒಲೆಯಲ್ಲಿ ಬೇಯಿಸಿ ಗಟ್ಟಿಗೊಳಿಸಬೇಕು. ಹೊರಗೆ ಮಾತ್ರ ಬಳಿದರೆ ಶಾಖ ಹೊರಬರಲಾರದೆ ಉಕ್ಕಿನ ಗೋಡೆಯೇ ಮತ್ತಷ್ಟು ಕಾಯುತ್ತದೆ. ಒಳಗೂ ಬಳಿದಾಗಲೇ ಶಾಖ ಅನಿಲದಲ್ಲಿ ಉಳಿದು ಅದರೊಡನೆ ಹಿಂದಕ್ಕೆ ಸಾಗುತ್ತದೆ. ಲೇಪನವಾದ ಮೇಲೆ ಬೆಸುಗೆ ಹಾಕಿದರೆ ಆ ಜಾಗದಲ್ಲಿ ಲೇಪನ ಸುಟ್ಟುಹೋಗುತ್ತದೆ. ಹೀಗಾಗಿ ಕೊಳವೆ ಕಾರಿಗೆ ಸರಿಯಾಗಿ ಕೂರುತ್ತದೆಯೇ ಎಂಬುದನ್ನು ಲೇಪನಕ್ಕೆ ಮೊದಲೇ ನೋಡಿಕೊಳ್ಳಬೇಕು. ಇಷ್ಟಾಗಿಯೂ ಲೇಪನವೊಂದರಿಂದಲೇ ಕಾರು ಹಾರಿಹೋಗುವುದಿಲ್ಲ. ಅದರ ನಿಜವಾದ ಲಾಭಗಳು ಎರಡು: ಬೋನೆಟ್ಟಿನೊಳಗಿನ ತಂಪು ಮತ್ತು ಉಕ್ಕಿನ ಆಯುಷ್ಯ.

ಆಯುಷ್ಯದ ಮಾತು ಕಾಸರಗೋಡಿನಲ್ಲಿ ಹಗುರವಾದುದಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಪಕ್ಕದಲ್ಲಿಯೇ ಕಡಲು. ಕುಂಬಳೆಯ ಅಕ್ಕನ ಮನೆಯ ಗೇಟಿಗೆ ಎಷ್ಟು ಸಲ ಬಣ್ಣ ಬಳಿದರೂ ಕೀಲುಗಳು ತುಕ್ಕು ಹಿಡಿಯುತ್ತವೆ. ಬರಿಯ ಎಂ.ಎಸ್. ಕೊಳವೆಗೆ ಕಾದಾಗ ಪದರ ಏಳುತ್ತದೆ, ತಣಿದಾಗ ಉಪ್ಪಿನ ತೇವ ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿನದಾದರೆ ಅದರಲ್ಲಿರುವ ಕ್ರೋಮಿಯಮ್ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡಿನ ರಕ್ಷೆ ಕಟ್ಟಿಕೊಳ್ಳುತ್ತದೆ. ಆದರೆ ಕಡಲಿನ ಉಪ್ಪು ಆ ರಕ್ಷೆಯಲ್ಲಿಯೂ ಸಣ್ಣ ಗುಳಿಗಳನ್ನು ಕೊರೆಯಬಲ್ಲುದು. ಕೆಲವರು ಲೇಪನದ ಖರ್ಚು ಉಳಿಸಲು ಕೊಳವೆಗೆ ಗಾಜಿನ ನಾರಿನ ಪಟ್ಟಿ ಸುತ್ತುತ್ತಾರೆ. ಒಣನಾಡಿಗೆ ಅದು ಒಗ್ಗೀತು. ಆಟಿಯ ಮಳೆಯಲ್ಲಿ ನೆನೆದ ಪಟ್ಟಿ ಒದ್ದೆ ಬಟ್ಟೆಯಂತೆ ನೀರನ್ನು ಉಕ್ಕಿಗೆ ಒತ್ತಿ ಹಿಡಿದುಕೊಂಡಿರುತ್ತದೆ. ಹೊರಗಿನ ಮಳೆಯೊಂದೇ ಅಲ್ಲ, ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಅದೇ ಕೊಳವೆಯೊಳಗೆ ಹಾಯುತ್ತದೆ. ಹೀಗಾಗಿ ಅವನ ಪ್ರಶ್ನೆಗೆ ನನ್ನ ಮೊದಲ ಉತ್ತರ ಸ್ಪಷ್ಟವಾಗಿತ್ತು: ಹೆಡರ್ ಹಾಕಲೇಬೇಕಾದರೆ, ನಮ್ಮ ಊರಿನಲ್ಲಿ, ಒಳಗೂ ಹೊರಗೂ ಲೇಪನವಿರುವುದೇ ಸರಿ.

ಇಲ್ಲಿಯವರೆಗೆ ಅವನು ಮುಖವರಳಿಸಿ ಕೇಳಿದ. "ಹಾಕಲೇಬೇಕಾದರೆ" ಎಂಬ ಪದವನ್ನು ಬಿಡಿಸಿ ಹೇಳುವ ಹೊಣೆ ನನ್ನ ಮೇಲೆ ಉಳಿದಿತ್ತು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಮಾತನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗಿನ ಸೆರೆ, ಅಥವಾ ಎರಡೂ. ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದರೆ 190ನೆಯ ಕಲಂ ಪ್ರತ್ಯೇಕವಾಗಿ ಬರುತ್ತದೆ: ಮೊದಲ ಅಪರಾಧಕ್ಕೆ 3 ತಿಂಗಳವರೆಗಿನ ಸೆರೆ, 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ, ಜೊತೆಗೆ 3 ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ಈಚಿನ ಅನೇಕ ಕಾರುಗಳಲ್ಲಿ ವಿಷಾನಿಲವನ್ನು ಶುದ್ಧೀಕರಿಸುವ ಕೆಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ. ಅಲ್ಲಿ ಹೆಡರ್ ಹಾಕುವುದೆಂದರೆ ಅದನ್ನು ಕಿತ್ತು ಬದಿಗಿಡುವುದೆಂದೇ ಅರ್ಥ.

ಅಳಿಯ ಬುದ್ಧಿವಂತ. "ಹೆಡರಿನ ವಿವರ ನೋಂದಣಿ ಪತ್ರದಲ್ಲಿ ಎಲ್ಲಿದೆ ಮಾವ? ಅದು ಕಾರಿನ ಮೂಲಸ್ವರೂಪವನ್ನು ಬದಲಿಸುವುದೂ ಇಲ್ಲವಲ್ಲ?" ಎಂದ. ಮಾತು ಪೊಳ್ಳಲ್ಲ. ವಾಹನದ ಮೂಲಲಕ್ಷಣವನ್ನು ಬದಲಿಸುವ ರಚನಾ ವ್ಯತ್ಯಾಸವೇ ಮಾರ್ಪಾಡು ಎಂದು ಆ ಕಲಮಿನ ವಿವರಣೆಯೇ ಹೇಳುತ್ತದೆ. ವಿದ್ಯಾನಗರದ ನ್ಯಾಯಾಲಯದಲ್ಲಿ ಕಕ್ಷಿದಾರನೊಬ್ಬನ ಪರವಾಗಿ ನಾನು ಈ ವಾದವನ್ನು ಹೂಡಬಲ್ಲೆ. ಆದರೆ ಹೊಗೆ ಮತ್ತು ಸದ್ದಿನ ಆರೋಪಕ್ಕೆ ಈ ವಾದ ಕೊಡೆ ಹಿಡಿಯಲಾರದು. ಮಾರ್ಪಾಡನ್ನು ತಿಳಿಸದೆ ಇಟ್ಟುಕೊಂಡ ಕಾರು ಅಪಘಾತಕ್ಕೆ ಸಿಕ್ಕಾಗ, ಸ್ವಂತ ಹಾನಿಯ ಪರಿಹಾರಕ್ಕೆ ವಿಮಾ ಕಂಪೆನಿ ತಕರಾರು ತೆಗೆಯಬಹುದು. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಬೇರೆ ಇದೆ. ಆಗಿನ ತಪಾಸಣೆಯಲ್ಲಿ ಬೋನೆಟ್ ತೆರೆಯಲೇಬೇಕು. ಕಕ್ಷಿದಾರ ಕಷ್ಟಕ್ಕೆ ಸಿಲುಕಿದ ಮೇಲೆ ಬಳಸುವ ವಾದವೇ ಬೇರೆ, ಮಗುವಿನಂತೆ ಎತ್ತಿ ಆಡಿಸಿದ ಹುಡುಗನಿಗೆ ಮುಂಗಡವಾಗಿ ಕೊಡುವ ಸಲಹೆಯೇ ಬೇರೆ. ಇದನ್ನೂ ಅವನಲ್ಲಿ ಮುಚ್ಚಿಡದೆ ಹೇಳಿದೆ.

ಹಾಗಾದರೆ ಕ್ರೀಡೆಯಲ್ಲಿ ಇವೆಲ್ಲ ಹೇಗೆ ನಡೆಯುತ್ತವೆ? ಆಟೋಕ್ರಾಸ್ ನಡೆಯುವುದು ಮುಚ್ಚಿದ ಮೈದಾನದಲ್ಲಿ, ಗಡಿಯಾರದ ಎದುರು. ರ್‍ಯಾಲಿಯ ಸ್ಪರ್ಧಾ ಹಂತಗಳು ಸಾರ್ವಜನಿಕ ಸಂಚಾರ ತಡೆದ ದಾರಿಗಳಲ್ಲಿ. ಆದರೆ ಒಂದು ಹಂತದಿಂದ ಇನ್ನೊಂದಕ್ಕೆ ಸಾಗುವಾಗ ಆ ಕಾರುಗಳೂ ಎಲ್ಲರಂತೆ ರಸ್ತೆಯ ನಿಯಮಗಳಿಗೆ ಒಳಪಟ್ಟಿವೆ. ಯಾವ ವಿಭಾಗದಲ್ಲಿ ಯಾವ ಬದಲಾವಣೆ ಸಲ್ಲುತ್ತದೆ ಎಂಬುದಕ್ಕೆ ಅಲ್ಲಿ ಲಿಖಿತ ನಿಯಮಗಳಿವೆ, ತಾಂತ್ರಿಕ ತಪಾಸಣೆಯೂ ಇದೆ. ಎಂದರೆ, ಕಾರು ಎಲ್ಲಿ ಓಡಬೇಕು, ಯಾವ ವಿಭಾಗದಲ್ಲಿ ಓಡಬೇಕು ಎಂದು ನಿಶ್ಚಯವಾದ ಮೇಲೆ ಏಳಬೇಕಾದ ಪ್ರಶ್ನೆ ಲೇಪನದ್ದು. ದಿನಾಲೂ ಕುಂಬಳೆಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಹೋಗಿಬರುವ ಕಾರಿಗೆ ಎರಡು ಹೆಡರುಗಳಲ್ಲಿ ಯಾವುದೂ ಬೇಡ. ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಸಾಕು.

ಅವನು ಎರಡು ದಿನ ಯೋಚಿಸಿದ. ಅಕ್ಕ ಆತಂಕದಿಂದ ಎರಡು ಬಾರಿ ಫೋನು ಮಾಡಿದಳು. ಕೊನೆಗೆ ಅವನು ಹಣವನ್ನು ನಾಲ್ಕು ಹೊಸ ಟಯರು, ಬ್ರೇಕಿನ ದುರಸ್ತಿ ಮತ್ತು ಸ್ಪರ್ಧೆಗೆ ಒಪ್ಪುವ ಹೆಲ್ಮೆಟ್ಟಿಗೆ ಹಾಕಿದ. ಹಳೆಯ ಮ್ಯಾನಿಫೋಲ್ಡಿನಲ್ಲಿ ಹೊಗೆ ಸೋರುತ್ತಿದ್ದ ಗ್ಯಾಸ್ಕೆಟ್ಟನ್ನು ತಾನೇ ಬದಲಾಯಿಸಿದ. ಮೊದಲ ಆಟೋಕ್ರಾಸಿಗೆ, ಮಾರ್ಪಾಡಿಲ್ಲದ ಕಾರುಗಳ ವಿಭಾಗದಲ್ಲಿ ಹೆಸರು ಕೊಡುವ ಸಿದ್ಧತೆಯಲ್ಲಿದ್ದಾನೆ. ಕನಸನ್ನು ಅವನು ಕೈಬಿಟ್ಟಿಲ್ಲ. ಬಿಡಲೆಂದು ನಾನು ಹೇಳಲೂ ಇಲ್ಲ.

ಓದುಗರಲ್ಲಿ ಅನೇಕರ ಮನೆಯಲ್ಲಿ ಹದಿನೆಂಟು ದಾಟಿದ ಮಕ್ಕಳಿದ್ದಾರೆ. ದಾಟಲು ಹವಣಿಸುವವರೂ ಇದ್ದಾರೆ. ಅವರು ಸೈಲೆನ್ಸರ್, ಹೆಡರ್ ಎಂದು ಮಾತೆತ್ತಿದಾಗ, ದಂಡದ ಮೊತ್ತವನ್ನು ಹೇಳಿ ಬಾಯಿ ಮುಚ್ಚಿಸುವುದು ಸುಲಭ. ಅದಕ್ಕೆ ಮೊದಲು, ಅದೇನು, ಅದರಿಂದ ಏನಾಗುತ್ತದೆ ಎಂದು ಅವರಿಂದಲೇ ಹೇಳಿಸಿಕೊಂಡು ಕೇಳಿರಿ. ಅಳಿಯ ನನ್ನ ಕಾನೂನನ್ನು ಕೇಳಿದ್ದು ನಾನು ಅವನ ಕೊಳವೆಯ ವಿಚಾರ ಕೇಳಿದ ಮೇಲೆಯೇ. ಮುಂದೆ ಎಂದಾದರೂ ಸ್ಪರ್ಧೆಗೆಂದೇ ಮೀಸಲಾದ ಕಾರೊಂದನ್ನು ಅವನು ಕಟ್ಟಿದರೆ, ಆಗ ಹಣದ ಮುಖ ನೋಡದೆ ಲೇಪನವಿರುವುದನ್ನೇ ಕೊಳ್ಳಲಿ. ನಮ್ಮ ಕಡಲ ಗಾಳಿಗೆ ಬರಿಯ ಉಕ್ಕು ಹೆಚ್ಚು ಕಾಲ ಬಾಳುವುದಿಲ್ಲ.