ಗ್ವಾಯಾಕಿಲ್‌ನ ಇಗುವಾನಾ ಪಾರ್ಕು

ಗಲಾಪಗೋಸ್ ದ್ವೀಪಗಳಿಗೆ ಹೊರಟವರಲ್ಲಿ ಅನೇಕರು ಎಕ್ವಡಾರಿನ ಗ್ವಾಯಾಕಿಲ್‌ನಲ್ಲಿ ವಿಮಾನ ಬದಲಿಸಿ ಮುಂದೆ ಹೋಗಿಬಿಡುತ್ತಾರೆ. ನಾನೂ ಅತ್ತಿಗೆಯೂ ಅಲ್ಲಿ ಉಳಿದುಕೊಂಡದ್ದು ಸೆಮಿನಾರಿಯೋ ಪಾರ್ಕಿಗಾಗಿ. ಊರವರ ಬಾಯಲ್ಲಿ ಅದು ಇಗುವಾನಾ ಪಾರ್ಕು.

ನಗರದ ನಟ್ಟನಡುವೆ, ಜೋಡಿ ಗೋಪುರದ ಕೆಥೆಡ್ರಲ್ಲಿನ ಎದುರಿಗೇ ಇದೆ ಪಾರ್ಕು. ಒಳಗೆ ಕುದುರೆಯೇರಿದ ಸಿಮೋನ್ ಬೊಲಿವಾರ್‌ನ ಪ್ರತಿಮೆ. ಬೊಲಿವಾರ್ ಮತ್ತು ಸಾನ್ ಮಾರ್ಟಿನ್, ದಕ್ಷಿಣ ಅಮೆರಿಕವನ್ನು ಸ್ಪೇನಿನ ಹಿಡಿತದಿಂದ ಬಿಡಿಸಿದ ಇಬ್ಬರು ನಾಯಕರು, 1822ರ ಜುಲೈಯಲ್ಲಿ ಭೇಟಿಯಾದದ್ದು ಈ ಊರಿನಲ್ಲೇ. ಅದನ್ನೆಲ್ಲ ಓದಿಕೊಂಡು ಹೋಗಿದ್ದರೂ ನನ್ನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಹುಲ್ಲಿನ ಮೇಲೆ, ಕಲ್ಲುಹಾಸಿನ ಮೇಲೆ, ಬೆಂಚಿನಡಿ, ಎಲ್ಲಿ ನೋಡಿದರೂ ಇಗುವಾನಾಗಳು.

"ಅಯ್ಯೋ, ಇದು ಉಡ ಅಲ್ವೇನೇ!" ಎಂದು ಅತ್ತಿಗೆ ನನ್ನ ತೋಳು ಹಿಡಿದರು. ದೂರದಿಂದ ಹಾಗೇ ಕಾಣುತ್ತದೆ. ಆದರೆ ಉಡ ಬೇಟೆಯಾಡಿ ತಿನ್ನುತ್ತದೆ, ಇದಕ್ಕೆ ಸೊಪ್ಪು, ಹೂವು, ಹಣ್ಣು. ದೊಡ್ಡ ಗಂಡು ಒಂದೂವರೆ ಮೀಟರ್ ದಾಟುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಬೆನ್ನುದ್ದಕ್ಕೂ ಮುಳ್ಳಿನ ಸಾಲು, ಗಂಟಲಿಗೆ ಜೋತುಬಿದ್ದ ತೊಗಲು.

ಬೆಂಚಿನ ಮೇಲೆ ಕುಳಿತೆವು. ಗಂಡೊಂದು ಗಂಟಲ ತೊಗಲನ್ನು ಅಗಲಿಸಿ ತಲೆಯನ್ನು ಮೇಲೆ ಕೆಳಗೆ ಆಡಿಸಿತು. ಈ ಜಾಗ ತನ್ನದೆಂದು ಅದು ಸಾರುವುದು ಹೀಗೆ. ಎದುರಿನದು ತುಸು ಹೊತ್ತು ನಿಂತು ಸರಿದುಹೋಯಿತು. ನೆತ್ತಿಯಲ್ಲಿ ಮಸುಕು ಚುಕ್ಕೆಯಂತಿರುವುದು ಮೂರನೆಯ ಕಣ್ಣು. ಅದಕ್ಕೆ ರೂಪ ಕಾಣದು, ಬೆಳಕು ನೆರಳಷ್ಟೇ ತಿಳಿಯುತ್ತದೆ. ಮೇಲಿಂದ ಎರಗುವ ಹದ್ದಿನ ಸುಳಿವು ಹಿಡಿಯಲು ಅಷ್ಟು ಸಾಕು. ನಾನು ಬಗ್ಗಿದಾಗ ನೆರಳು ಬಿದ್ದ ಒಂದು ಮರಿ ಸರಕ್ಕನೆ ಮರ ಹತ್ತಿತು.

ಇವನ್ನು ಯಾರೂ ಗೂಡಿನಲ್ಲಿಟ್ಟಿಲ್ಲ. ರಾತ್ರಿ ಕೊಂಬೆಗಳ ಮೇಲೆ ಮಲಗುತ್ತವೆ, ಬಿಸಿಲೇರಿದಂತೆ ಕೆಳಗಿಳಿಯುತ್ತವೆ. ಹಳೆಯ ಮರಗಳು ಉಳಿದಿವೆ, ಜನ ಕಲ್ಲೆಸೆಯುವುದಿಲ್ಲ. ಕಾಡುಪ್ರಾಣಿಯೊಂದು ಇಷ್ಟು ದೊಡ್ಡ ನಗರದಲ್ಲಿ ಬಾಳಲು ಇವೆರಡೂ ಬೇಕೇಬೇಕು. ನಮ್ಮ ಕಡೆಯ ಉಡ ನೆನಪಾಗಿ ಸಂಕಟವಾಯಿತು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದ್ದರೂ ಚರ್ಮಕ್ಕೆ, ಮಾಂಸಕ್ಕೆ ಅದನ್ನು ಕೊಲ್ಲುವುದು ನಿಂತಿಲ್ಲ. ಮನುಷ್ಯನ ಹೆಜ್ಜೆ ಸಪ್ಪಳವಾದರೆ ಸಾಕು, ಅದು ಪೊದೆಯೊಳಗೆ ಮಾಯ. ಇಲ್ಲಿ ನನ್ನ ಚಪ್ಪಲಿಯ ಪಕ್ಕದಲ್ಲೇ ಇಗುವಾನಾ ಕಣ್ಣು ಮುಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

ಒಬ್ಬ ಅಜ್ಜಿ ಮೊಮ್ಮಗನ ಕೈಗೆ ಲೆಟ್ಯೂಸ್ ಎಲೆ ಕೊಟ್ಟು, ಅವನ ಮುಂಗೈ ಹಿಡಿದು ಮುಂದೆ ಚಾಚಿಸಿದರು. ಇಗುವಾನಾ ನಿಧಾನಕ್ಕೆ ಬಂದು ಎಲೆ ಕಚ್ಚಿ ಎಳೆಯಿತು. ಹುಡುಗ ಕೇಕೆ ಹಾಕಿದ. ಆಚೆ ಕೆಲವು ಪ್ರವಾಸಿಗರು ಬ್ರೆಡ್ ಚೂರು ಎಸೆಯುತ್ತಿದ್ದರು. ಅದನ್ನು ನೋಡಲಾಗಲಿಲ್ಲ. ಇದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಎಲೆಯ ನಾರನ್ನು ಹುದುಗಿಸಿ ಕರಗಿಸುತ್ತವೆ. ಮರಿಗಳು ಆ ಸೂಕ್ಷ್ಮಾಣುಗಳನ್ನು ಪಡೆಯುವುದು ದೊಡ್ಡವುಗಳ ಹಿಕ್ಕೆ ತಿಂದು. ಇಷ್ಟು ಜತನದಿಂದ ಎಲೆಗೆಂದೇ ಒದಗಿಬಂದ ಹೊಟ್ಟೆಗೆ ಮೈದಾ ತುರುಕುವುದೇ?

ನೀವೂ ಆ ದಾರಿಯಲ್ಲಿ ಹೋಗುವುದಾದರೆ ಒಂದಿಷ್ಟು ಹೊತ್ತು ಮಾಡಿಕೊಂಡು ಇಲ್ಲಿಗೆ ಬನ್ನಿ. ಬೆಳಗಿನ ತಂಪಿನಲ್ಲಿ ಬಂದರೆ ಕತ್ತೆತ್ತಿ ಕೊಂಬೆಗಳಲ್ಲಿ ಹುಡುಕಬೇಕಾದೀತು, ಬಿಸಿಲು ಚುರುಕಾದ ಮೇಲೆ ಬನ್ನಿ. ಚೀಲದಲ್ಲಿ ಬ್ರೆಡ್ ಇದ್ದರೆ ಅದು ಅಲ್ಲೇ ಇರಲಿ.