ನಾಲ್ಕು ತಾಲ್ಲೂಕಿನ ಬೆಲ್ಲ

ಶ್ರೀರಂಗಪಟ್ಟಣದಿಂದ ಪಾಂಡವಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರೆ ಆಲೆಮನೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಕಬ್ಬಿನ ಹಾಲು ಕುದಿಯುವ ವಾಸನೆಯೇ ಹೇಳುತ್ತದೆ. ಸಂಕ್ರಾಂತಿಗೆ ಮುಂಚೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತಿ, ಒಂದೊಂದು ಕಡೆ ಒಂದೊಂದು ಅಚ್ಚು ಬೆಲ್ಲ ಕೊಂಡು ತಂದೆವು. ಸ್ಪೇನಿನವರು ರಿಯೋಹಾ ಸೀಮೆಯ ಕೆಂಪು ವೈನನ್ನು ಬಾಯಲ್ಲಿ ಹೊರಳಿಸಿ, ಇದು ಯಾವ ಮಣ್ಣಿನದು ಎಂದು ಚರ್ಚೆ ಮಾಡುತ್ತಾರೆ. ನಮ್ಮ ಬೆಲ್ಲಕ್ಕೆ ಆ ಮರ್ಯಾದೆ ಏಕಿಲ್ಲ?

ಇಲ್ಲಿನ ಕಬ್ಬು ಹಳೆಯದು. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಫ್ರಾನ್ಸಿಸ್ ಬುಕನನ್ ರಸದಾಳಿ, ಪಟ್ಟಾಪಟ್ಟಿ ಎಂಬ ಎರಡು ಜಾತಿಯ ಕಬ್ಬನ್ನು ದಾಖಲಿಸಿದ್ದಾನೆ. ಬೆಲ್ಲ ಎರಡರಿಂದಲೂ ಆಗುತ್ತಿತ್ತು; ಸಕ್ಕರೆ ಪಟ್ಟಾಪಟ್ಟಿಯಿಂದ ಮಾತ್ರ. ಮುಂದೆ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಪಾಂಡವಪುರದ ಬಯಲಿಗೂ ಕಬ್ಬು ಬಂತು. ಕೆ.ಆರ್. ಪೇಟೆಗೆ ಹೇಮಾವತಿಯ ಆಸರೆ. ನಾಗಮಂಗಲ ಹೆಚ್ಚಾಗಿ ರಾಗಿ, ತೆಂಗಿನ ಸೀಮೆ. ನೀರಿದ್ದವರ ಹೊಲದಲ್ಲಷ್ಟೇ ಕಬ್ಬು.

ರುಚಿ ಹೊಲದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ನೆಲದಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಬೆಲ್ಲವೂ ಉಪ್ಪುಪ್ಪು. ಎಳೆ ಕಬ್ಬು ಕಡಿದರೆ ಬೆಲ್ಲ ಗಟ್ಟಿಯಾಗದೆ ಅಂಟುತ್ತದೆ. ಉಳಿದರ್ಧ ಕೊಪ್ಪರಿಗೆಯದು. ಸುಣ್ಣದ ನೀರು, ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆ ನೊರೆಯಾಗಿ ಮೇಲೇಳುತ್ತದೆ, ಅದನ್ನು ತೆಗೆಯುತ್ತಾರೆ. ಪಾಕ ಇಳಿಸುವಾಗ ಶಾಖ ಸುಮಾರು 118 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಎಲ್ಲಿಯದು? ಪಾಕ ನೋಡುವವನು ತಣ್ಣೀರಿಗೆ ಒಂದಿಷ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ, ಅಷ್ಟೆ.

ಮನೆಯಲ್ಲಿ ನಾಲ್ಕು ಅಚ್ಚಿನ ಜೊತೆಗೆ ಪೇಟೆಯ ಅಂಗಡಿಯ ಹೊಂಬಣ್ಣದ ಒಂದು ತುಂಡನ್ನೂ ಇಟ್ಟು ಮಕ್ಕಳನ್ನು ಕರೆದೆವು. ಎಲ್ಲರ ಕೈಯೂ ಮೊದಲು ಹೋದದ್ದು ಆ ಹಳದಿ ತುಂಡಿಗೇ! ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಕಥೆ ಬೇರೆಯಾಯಿತು. ಶ್ರೀರಂಗಪಟ್ಟಣದ್ದು ಮೆತ್ತಗೆ, ಬೇಗ ಕರಗುವಂಥದ್ದು. ಪಾಂಡವಪುರದ್ದರಲ್ಲಿ ತುಸು ಉಪ್ಪಿನ ಸುಳಿವು, ಅದೂ ಚೆನ್ನವೇ. ಕೆ.ಆರ್. ಪೇಟೆಯದು ಬರೀ ಸಿಹಿ. ನಾಗಮಂಗಲದ ಕರೀ ಅಚ್ಚಿನಲ್ಲಿ ಸೀದ ಪಾಕದ ಸಣ್ಣ ಕಹಿ. ನನ್ನ ಓಟು ಅದಕ್ಕೇ. ಒಂದೊಂದು ಅಚ್ಚಿನಿಂದ ಇಡೀ ತಾಲ್ಲೂಕನ್ನು ಅಳೆಯಲಾಗದು, ಇದು ನಮ್ಮ ನಾಲಿಗೆಯ ಲೆಕ್ಕ. ಹಳದಿ ತುಂಡನ್ನು ಮಾತ್ರ ಯಾರೂ ಎರಡನೇ ಸಲ ಕೇಳಲಿಲ್ಲ.

ಆ ಬಣ್ಣ ಬರುವುದು ಬಹುಮಟ್ಟಿಗೆ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿಯಿಂದ; ಆಲೆಮನೆಯವರ ಬಾಯಲ್ಲಿ ‘ಹೈಡ್ರೋಸ್’. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಮೀರಬಾರದು ಎಂದು ಆಹಾರ ಸುರಕ್ಷತಾ ನಿಯಮವಿದೆ. ಇಟ್ಟಷ್ಟು ದಿನ ಆ ಬಣ್ಣವೂ ನಿಲ್ಲದು, ಮತ್ತೆ ಕಪ್ಪಿಗೆ ತಿರುಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹಾಕುತ್ತೀರಿ ಎಂದು ಒಬ್ಬ ಆಲೆಮನೆ ಯಜಮಾನರನ್ನು ಕೇಳಿದೆ.

“ಮಂಡ್ಯ ಮಾರ್ಕೆಟ್ಟಲ್ಲಿ ಕರೀದಕ್ಕೆ ರೇಟು ಕಮ್ಮಿ ಸಾ. ನೀವು ಕೇಳಿ ತಕ್ಕೊಂಡ್ರೆ ನಾವ್ಯಾಕೆ ಹಾಕ್ತೀವಿ?” ಎಂದು, ಮನೆ ಬಳಕೆಗೆ ಬೇರೆ ಇಟ್ಟಿದ್ದ ಕರೀ ಅಚ್ಚಿನಲ್ಲಿ ಒಂದನ್ನು ಮುರಿದು ನಮ್ಮ ಕೈಗಿತ್ತರು.