ಸಾವಧಾನ

ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದವರೆಲ್ಲರೂ ಅರಿತ ಸತ್ಯವೊಂದುಂಟು. ಲೋಹವನ್ನು ಹೆರೆಯುವ ಟೂಲ್ ಎಷ್ಟೇ ಗಟ್ಟಿಯಾಗಿರಲಿ, ಬಿಡುವಿಲ್ಲದೆ ಕಾದರೆ ಅದರ ಮೊನೆ ಮೊಂಡಾಗುತ್ತದೆ. ಆದುದರಿಂದಲೇ ಅದರ ಮೇಲೆ ಕೂಲೆಂಟ್ ಎಂಬ ತಂಪು ದ್ರವವನ್ನು ಸುರಿಯುತ್ತಿರುತ್ತಾರೆ. ತಂಪು ಕೆಲಸಕ್ಕೆ ಅಡ್ಡಿಯಲ್ಲ, ಕೆಲಸದ ಒಂದು ಅಂಗ. ಬಹುಕಾಲ ಆ ಯಂತ್ರಗಳ ನಡುವೆ ಬಾಳಿದ ನನಗೆ, ಈ ವಿವೇಕವನ್ನು ನಾವು ಎಳೆಯ ಕ್ರೀಡಾಪಟುಗಳ ವಿಷಯದಲ್ಲಿ ಮರೆತಿದ್ದೇವೆಯೋ ಏನೋ ಎನಿಸುತ್ತದೆ.

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಚಿಕ್ಕಂದಿನಲ್ಲೇ ಓಟದಲ್ಲಿ ಪದಕಗಳನ್ನು ಗಳಿಸಿದ್ದಳು. ಮುಂಜಾನೆ ಅಭ್ಯಾಸ, ಹಗಲು ಶಾಲೆ, ಸಂಜೆ ಮತ್ತೆ ಅಭ್ಯಾಸ, ಭಾನುವಾರ ಸ್ಪರ್ಧೆ. ಹದಿನೈದನೆಯ ವರ್ಷಕ್ಕೆ ಬೂಟುಗಳು ಅಟ್ಟ ಸೇರಿದವು. “ಕಾಲು ನೋವೇನಮ್ಮ?” ಎಂದು ಕೇಳಿದೆ. “ಕಾಲು ನೋಯುತ್ತಿಲ್ಲ ತಾತ, ಓಡಬೇಕು ಅಂತ ಅನಿಸುವುದೇ ಇಲ್ಲ” ಎಂದಳು.

ಇದು ಸೋಮಾರಿತನವಲ್ಲ. ಕ್ರೀಡಾ ಮನೋವಿಜ್ಞಾನಿಗಳು ಈ ಬಳಲಿಕೆಯ ಮೂರು ಲಕ್ಷಣಗಳನ್ನು ಗುರುತಿಸಿದ್ದಾರೆ: ದೇಹ ಮನಸ್ಸುಗಳೆರಡೂ ಬಸವಳಿಯುವುದು, ಸಾಧಿಸಿದ್ದು ಏನೂ ಇಲ್ಲವೆನಿಸುವುದು, ಪ್ರೀತಿಸಿದ ಆಟವೇ ಬೇಡವಾಗುವುದು. ಮನಸ್ಸಿನ ಭಾರಕ್ಕೆ ಮಹಾನ್ ಆಟಗಾರರೂ ಹೊರತಲ್ಲ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ನಡುವೆಯೇ ಮನಸ್ಸಿನ ಸ್ವಾಸ್ಥ್ಯಕ್ಕಾಗಿ ಹಲವು ಸ್ಪರ್ಧೆಗಳಿಂದ ಹಿಂದೆ ಸರಿದರು. ಅದನ್ನು ಹೇಡಿತನವೆಂದು ಹಳಿದವರೂ ಉಂಟು. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಮೂರು ಚಿನ್ನದ ಪದಕಗಳನ್ನು ಗೆದ್ದರು.

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ 2004ರಲ್ಲಿ ರಾವಲ್ಪಿಂಡಿಯ ಟೆಸ್ಟ್ ಪಂದ್ಯದಲ್ಲಿ 740 ನಿಮಿಷಗಳ ಕಾಲ ಆಡಿ 270 ರನ್ ಗಳಿಸಿದರು. ಹನ್ನೆರಡು ಗಂಟೆಗೂ ಮಿಗಿಲಾದ ಅವಧಿಯುದ್ದಕ್ಕೂ ಮನಸ್ಸನ್ನು ಬಿಗಿದ ತಂತಿಯಂತೆ ಇರಿಸಲು ಯಾರಿಗೆ ತಾನೇ ಸಾಧ್ಯ? ಚೆಂಡು ಬರುವಾಗ ಪೂರ್ಣ ಗಮನ, ಎರಡು ಎಸೆತಗಳ ನಡುವೆ ಮನಸ್ಸಿಗೆ ವಿರಾಮ. ದೀರ್ಘಕಾಲ ಆಡಬಲ್ಲವರ ಗುಟ್ಟು ಇದೇ.

‘ಸಾವಧಾನ’ ಎಂಬ ಮಾತಿಗೆ ಅವಧಾನದಿಂದ ಕೂಡಿದ್ದು ಎಂಬುದು ಮೂಲಾರ್ಥ. ನಮ್ಮ ಬಳಕೆಯಲ್ಲಿ ಅದಕ್ಕೆ ‘ಅವಸರವಿಲ್ಲದೆ’ ಎಂಬ ಅರ್ಥವೂ ಸೇರಿಕೊಂಡಿದೆ. ಎಚ್ಚರ ಮತ್ತು ನಿಧಾನ ಒಂದೇ ಮಾತಿನಲ್ಲಿ ಕೂಡಿರುವುದು ಎಷ್ಟು ಸೊಗಸು! ದಿನವೂ ಕೆಲವು ನಿಮಿಷ ಸುಮ್ಮನೆ ಕುಳಿತು ಉಸಿರಾಟವನ್ನು ಗಮನಿಸುವುದು, ನಿನ್ನೆಯ ಸೋಲಿಗೋ ನಾಳೆಯ ಪದಕಕ್ಕೋ ಹರಿದ ಮನಸ್ಸನ್ನು ಗದರಿಸದೆ ಮರಳಿ ಕರೆತರುವುದು ಈ ಸಾವಧಾನದ ಅಭ್ಯಾಸ. ಆದರೆ ದಣಿದ ಮಗುವನ್ನು ಹತ್ತು ನಿಮಿಷ ಧ್ಯಾನಕ್ಕೆ ಕೂರಿಸಿ, ಮತ್ತೆ ಅದೇ ಬಿಡುವಿಲ್ಲದ ಓಟಕ್ಕೆ ಅಟ್ಟಿದರೆ ಪ್ರಯೋಜನವಿಲ್ಲ. ನಿದ್ರೆ, ರಜೆ, ಹಿರಿಯರ ಅಂತಃಕರಣ, ಅಗತ್ಯವಾದರೆ ವೈದ್ಯರ ನೆರವು ಇವೆಲ್ಲವೂ ಬೇಕು.

ಎಳೆಯರೇ, ಬೆವರು ಸುರಿಸದೆ ಗೆಲುವಿಲ್ಲವೆಂಬುದು ದಿಟ. ಆದರೆ ಆಟ ನಿಮಗೆ ಇನ್ನೂ ಆಟವಾಗಿಯೇ ಉಳಿದಿದೆಯೆ ಎಂದು ಆಗಾಗ ಕೇಳಿಕೊಳ್ಳಿ. ಇಲ್ಲವೆನಿಸಿದರೆ ಮನೆಯವರಿಗೋ ಗುರುಗಳಿಗೋ ಬಾಯಿಬಿಟ್ಟು ಹೇಳಿ. ಹಾಗೆ ಹೇಳುವುದಕ್ಕೂ ಧೈರ್ಯ ಬೇಕು.